ಬಾಂಡ್ಲಿ ಹೊತ್ತವಳ ಮುಖ

ಹೊಸೂರಿನ ಕಾರ್ಖಾನೆಗಳ ಕಡೆಗೆ ರಸ್ತೆ ತಿರುಗುವ ಸರ್ಕಲ್ಲಿನಲ್ಲಿ ಮಂಜು ಇನ್ನೂ ಕರಗಿಲ್ಲ. ಮೊದಲ ಶಿಫ್ಟಿನ ಬಸ್ಸುಗಳು ದೀಪ ಹಾಕಿಕೊಂಡೇ ಬರುತ್ತಿವೆ. ಸರ್ಕಲ್ಲಿನ ನಡುವಿನ ಕಟ್ಟೆಗೆ ಬಿದಿರಿನ ಏಣಿ ಒರಗಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಹೆಗಲ ಮೇಲೊಂದು ಒದ್ದೆ ಬಟ್ಟೆ ಹಾಕಿಕೊಂಡು ಕದಿರಮ್ಮ ಮೇಲೇರುತ್ತಾರೆ. ಅಲ್ಲಿ ತಲೆಯ ಮೇಲೆ ಗಾರೆಯ ಬಾಂಡ್ಲಿ ಹೊತ್ತ ಸಿಮೆಂಟಿನ ಹೆಂಗಸೊಬ್ಬಳು ನಿಂತಿದ್ದಾಳೆ. ಬಾಂಡ್ಲಿಯೊಳಗೆ ಕಾಗೆ ತಂದು ಹಾಕಿದ ಕಡ್ಡಿಗಳನ್ನು ಬಾಚಿ ತೆಗೆದು, ಕೆನ್ನೆಯ ಮೇಲಿನ ಹಿಕ್ಕೆಯನ್ನು ಕದಿರಮ್ಮ ಮೆಲ್ಲಗೆ ಒರೆಸುತ್ತಾರೆ, ಮಗುವಿನ ಮುಖ ಒರೆಸುವ ಹಾಗೆ.

ಸರ್ಕಲ್ಲಿನಿಂದ ರೈಲ್ವೆ ಗೇಟಿನವರೆಗೆ ರಸ್ತೆ ಗುಡಿಸುವುದು, ಹೂವಿನ ಪಾತಿಗೆ ನೀರು ಹಾಕುವುದು ಅವರ ಕೆಲಸ. ಬೊಂಬೆ ಒರೆಸು ಎಂದು ಯಾರೂ ಹೇಳಿಲ್ಲ. ಬಿಸಿಲೇರುವ ಹೊತ್ತಿಗೆ ಅವಲಪಲ್ಲಿಯ ಮನೆ ಸೇರಿ, ಮುದ್ದೆ ಉಂಡು, ರಾಗಿ ಹೊಲಕ್ಕೆ ಇಳಿಯಬೇಕು. ಬಸ್ಸಿನ ಕಿಟಕಿಗಳಿಂದ ದಿನವೂ ಬೊಂಬೆಯನ್ನು ನೋಡುವ ಸಾವಿರಾರು ಜನರಲ್ಲಿ, ಅದರ ಮುಖ ಯಾರ ಕೈಯಿಂದ ಮೂಡಿತೆಂದು ಬಲ್ಲವರು ಒಂದು ಕೈಯ ಬೆರಳುಗಳಷ್ಟೂ ಇಲ್ಲ.

ಕದಿರಮ್ಮನವರಿಗೆ ಬೊಂಬೆಯ ಹುಚ್ಚು ಚಿಕ್ಕಂದಿನದು. ಕೆರೆಯ ಜೇಡಿ ತಂದು ಎತ್ತು, ಆನೆ ಮಾಡಿ ಹಿತ್ತಿಲಲ್ಲಿ ಒಣಗಿಸಿ ಬೈಸಿಕೊಂಡವರು. ೧೯೭೯ರಲ್ಲಿ ಮದರಾಸಿನಿಂದ ಶಿಲ್ಪಿಯೊಬ್ಬರು ಬಂದು ಈ ಸರ್ಕಲ್ಲಿನಲ್ಲಿ ಬೊಂಬೆ ಕಟ್ಟಲು ಕೈಹಾಕಿದಾಗ, ಗಾರೆ ಕಲಸುವ ಚಿತ್ತಾಳಾಗಿ ಸೇರಿಕೊಂಡರು. ಮರಳನ್ನು ಬಟ್ಟೆಯಲ್ಲಿ ಜರಡಿ ಹಿಡಿಯುವುದು, ಕಂಬಿಗೆ ತಂತಿ ಸುತ್ತುವುದು, ತೆಳ್ಳಗೆ ಒಂದರ ಮೇಲೊಂದು ಪದರ ಏರಿಸುವುದು, ಎಲ್ಲವನ್ನೂ ಕಣ್ಣರಳಿಸಿಕೊಂಡು ನೋಡಿದರು. ಆಗಾಗ ಶಿಲ್ಪಿ ತಮಿಳಿನಲ್ಲಿ, "ಅಪ್ಪಡಿಯೇ ನಿಲ್ಲುಮ್ಮಾ" ಎಂದು, ಬಾಂಡ್ಲಿ ಹೊತ್ತ ಕದಿರಮ್ಮನವರನ್ನು ಇದ್ದ ಹಾಗೇ ನಿಲ್ಲಿಸಿಬಿಡುತ್ತಿದ್ದರು. ಎತ್ತರದ ಅಳತೆಗಿರಬೇಕು ಎಂದುಕೊಂಡಿದ್ದರು ಇವರು.

ಮುಖದ ಕೆಲಸವನ್ನು ಶಿಲ್ಪಿ ಗೋಣಿಪರದೆಯ ಒಳಗೆ ಒಬ್ಬರೇ ಮುಗಿಸಿದರು. ಪರದೆ ಬಿಚ್ಚಿದ ದಿನ ಗುಂಪಿನ ಹಿಂದೆ ನಿಂತಿದ್ದ ಕದಿರಮ್ಮ ಕತ್ತೆತ್ತಿದವರು ಹಾಗೇ ಕಲ್ಲಾದರು.

"ನನ್ ಮೊಕಾನೇ! ಗಲ್ಲದ ಮೇಲಿನ ಗಾಯದ ಗುರುತೂ ಬಿಟ್ಟಿರ್ಲಿಲ್ಲ. ಯಾರಾದ್ರೂ ಗುರುತು ಹಿಡಿದ್ಬುಟ್ಟಾರು ಅಂತ ಸೆರಗು ಎಳ್ಕೊಂಡು ಓಡಿಬಂದೆ" ಎನ್ನುತ್ತಾರೆ.

ಗುರುತು ಹಿಡಿಯದೆ ಬಿಟ್ಟಾರೆಯೇ? ಗಂಡ ಮುನಿಶಾಮಿ ಕಾರ್ಖಾನೆಯಲ್ಲಿ ಹೆಲ್ಪರ್. "ಏನ್ಲಾ, ನಿನ್ ಹೆಂಡ್ತಿನ ರೋಡಲ್ಲಿ ನಿಲ್ಸವ್ರೆ" ಎಂದು ಜೊತೆಯವರು ಛೇಡಿಸಿದರು. ಅದನ್ನವರು ನುಂಗಿಕೊಂಡರು. ಆದರೆ ಅವರ ತಾಯಿ ದೊಡ್ಡಮುನಿಯಮ್ಮ ಎದೆ ಹಿಡಿದು ಕೂತುಬಿಟ್ಟರು. ಕದಿರಮ್ಮನವರಿಗೆ ಆಕೆ ಅತ್ತೆಯೂ ಹೌದು, ತಂದೆಯ ಸ್ವಂತ ತಂಗಿಯೂ ಹೌದು.

"ಬದುಕಿರೋಳಿಗೆ ಯಾರಾದ್ರೂ ಕಲ್ಲು ನಿಲ್ಲಿಸ್ತಾರೇನೆ? ಕೆರೆ ಏರಿ ಮ್ಯಾಲೆ ನಿಂತಿರೋವೆಲ್ಲ ಸತ್ತೋರ ಕಲ್ಲು ಕಣೆ" ಎಂದು ಗೋಳಾಡಿದರು.

ಆದರೂ ಕದಿರಮ್ಮ ಸಂತೆಗೆಂದು ಹೊರಟರೆ ಸುತ್ತು ಬಳಸಿ ಸರ್ಕಲ್ಲಿನ ಮೇಲೇ ಹೋಗುವರು. ಹೆದರಿಕೆ ಒಂದು ಕಡೆ, ಆಸೆ ಒಂದು ಕಡೆ.

ಆ ವರ್ಷದ ಮಳೆಗಾಲದಲ್ಲಿ ಅವರಿಗೆ ಕಾಮಾಲೆ ತಗುಲಿತು. ಕಣ್ಣು, ಉಗುರು ಎಲ್ಲ ಹಳದಿ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಮುನಿಶಾಮಿ ನಾಟ್ರಾಂಪಾಳ್ಯದ ಕಾಡಿನ ಕಡೆ ಹೋಗಿ ಸೊಪ್ಪಿನ ಔಷಧಿ ತಂದು ಕುಡಿಸಿದರು. ಹೇಗೋ ಜೀವ ನಿಂತಿತು. ಎದ್ದು ಓಡಾಡುವಂತಾದ ಮೇಲೆ ಕದಿರಮ್ಮ ಗೋಡೆ, ಬೇಲಿ ಹಿಡಿದುಕೊಂಡು ಸರ್ಕಲ್ಲಿಗೆ ಬಂದರು.

ಬೊಂಬೆಗೆ ಮುಖವೇ ಇರಲಿಲ್ಲ. ಹಣೆಯಿಂದ ಗಲ್ಲದವರೆಗೆ ಜಜ್ಜಿ, ಒಳಗಿನ ತಂತಿ ಹೊರಗೆ ಚಾಚಿಕೊಂಡಿತ್ತು. ಕದಿರಮ್ಮನವರ ಕೈ ತಾನಾಗಿ ತಮ್ಮ ಕೆನ್ನೆಗೆ ಹೋಯಿತು. ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡರು.

ಸಂಜೆ ಉಣ್ಣಲು ಕೂತ ಗಂಡನಿಗೆ ಹೇಳಿದರು: "ಯಾರೋ ಪಾಪಿಗಳು ಬೊಂಬೆ ಮೊಕಾ ಒಡ್ದಾಕ್ಬುಟ್ಟವ್ರೆ."

ಮುನಿಶಾಮಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾನೇ" ಎಂದರು.

ಬಡಿಸುತ್ತಿದ್ದ ಕದಿರಮ್ಮ ಸೌಟನ್ನು ಕೆಳಗಿಟ್ಟರು.

"ನಾನೇ ಸುತ್ತಿಗೇಲಿ ಒಡ್ದೆ. ಆಸ್ಪತ್ರೆಯೋರು ಕೈ ಬಿಟ್ಟಿದ್ರು. ಅವ್ವ ದಿನಾ ಅಳೋಳು. ನೀನು ಉಳೀಬೇಕಾಗಿತ್ತು ಕಣೆ."

ಕದಿರಮ್ಮ ಇಂದಿಗೂ ದಿಗ್ಭ್ರಮೆಯಿಂದಲೇ ನೆನೆಯುತ್ತಾರೆ: "ನನ್ ಜೀವ ಉಳೀಲಿ ಅಂತ ನನ್ ಮೊಕಾನೇ ಜಜ್ಜಿದಾರಲ್ಲ! ಇಂಥೋರ್ ಮ್ಯಾಲೆ ಹೆಂಗ್ ಸಿಟ್ ಮಾಡ್ಕೊಳ್ಳೋದು, ಹೆಂಗ್ ಮಾಡ್ಕೊಳ್ದೇ ಇರೋದು, ನೀವೇ ಹೇಳಿ."

ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ರಾಮಚಂದ್ರಪ್ಪ, ಮುಖವಿಲ್ಲದ ಬೊಂಬೆಯನ್ನು ಕೆಡವಲು ಮೇಲಿನಿಂದ ಮಾತು ಬಂದಿದೆ ಎಂದರು. ಮುಂದಿನ ವಾರ ಲಾರಿ ಬರುವುದಿತ್ತು. ಕದಿರಮ್ಮ ಚರಂಡಿ ಕೆಲಸದಲ್ಲಿ ಉಳಿದ ಸಿಮೆಂಟು ಬೇಡಿದರು. ಮೇಸ್ತ್ರಿ ನಕ್ಕು, "ಇನ್ನೇನು ಹಾಳಾಗೋದೈತೆ, ಮಾಡ್ಕೋ ಹೋಗಮ್ಮ" ಎಂದರು.

ಮಾರನೆಯ ಬೆಳಗ್ಗೆ ಕದಿರಮ್ಮ ಹೊರಟಾಗ, ಕರೆಯದಿದ್ದರೂ ಮುನಿಶಾಮಿ ಹಿಂದೆಯೇ ಬಂದರು. ಏಣಿ ಹಿಡಿದುಕೊಂಡು ನಿಂತರು.

ಕದಿರಮ್ಮ ಒಡೆದ ಜಾಗಕ್ಕೆ ನೀರು ಹೊಡೆದರು, ಸಿಮೆಂಟಿನ ಹಾಲು ಬಳಿದರು, ನಯವಾದ ಗಾರೆ ಕೂರಿಸಿದರು. ಮುಖ ನೋಡಿಕೊಂಡು ತಿದ್ದಲೆಂದು ಮನೆಯ ಕನ್ನಡಿಯನ್ನೂ ತಂದಿದ್ದರು. ಕನ್ನಡಿ ಎತ್ತಿದಾಗ, ಕೆಳಗೆ ಕತ್ತೆತ್ತಿ ನೋಡುತ್ತಿದ್ದ ಗಂಡನ ಕಣ್ಣಿನಲ್ಲಿ ಅದೇ ಭಯ ಕಂಡಿತು. ಕನ್ನಡಿಯನ್ನು ಕೆಳಕ್ಕೆ ಕೊಟ್ಟುಬಿಟ್ಟರು.

ಆಗ ನೆನಪಾದವರು ಹೆತ್ತವ್ವ ಅಕ್ಕಯಮ್ಮ. ಕೃಷ್ಣಗಿರಿ ಅಣೆಕಟ್ಟು ಕಟ್ಟುವಾಗ ಮಣ್ಣು ಹೊತ್ತವರು, ಅಲ್ಲಿಯೇ ಜ್ವರ ಬಂದು ತೀರಿಕೊಂಡವರು. ಕದಿರಮ್ಮ ಆಗಿನ್ನೂ ಲಂಗದ ಹುಡುಗಿ. ಅವ್ವನ ಒಂದು ಫೋಟೋ ಇಲ್ಲ. ಕಲ್ಲು ಸತ್ತವರಿಗೆ ತಾನೇ ನಿಲ್ಲಿಸುವುದು? ಹಾಗಾದರೆ ಅವ್ವನಿಗೇ ಇರಲಿ ಎಂದುಕೊಂಡರು. ಅಡುಗೆಮನೆಯ ಚಮಚ, ಬಾಚಣಿಗೆಯ ಹಿಡಿ, ಹೆಬ್ಬೆರಳು, ಇಷ್ಟೇ ಸಲಕರಣೆ. ಉಬ್ಬಿದ ಕೆನ್ನೆ, ಕೊಂಚ ಜೋತ ಎಡಗಣ್ಣಿನ ರೆಪ್ಪೆ, ಏನೋ ಹೇಳಲು ಹೊರಟು ನಿಂತಂಥ ತುಟಿ. ಮರೆತೇಹೋಗಿದೆ ಎಂದುಕೊಂಡಿದ್ದ ಮುಖ ಬೆರಳ ತುದಿಗೆ ಬಂದುಬಿಟ್ಟಿತು.

ಕೆಲಸ ಮುಗಿದ ದಿನ ದೊಡ್ಡಮುನಿಯಮ್ಮನವರು ಸೊಸೆಯನ್ನು ಬೈಯಲೆಂದೇ ಕೋಲೂರಿಕೊಂಡು ಬಂದರು. ಕತ್ತೆತ್ತಿದರು. ಕೋಲು ಕೈಜಾರಿತು.

"ಅತ್ತಿಗೇ..." ಎಂದು ರಸ್ತೆಯ ಮೇಲೇ ಕುಸಿದರು. "ಅಯ್ಯೋ, ಇಷ್ಟು ದಿನ ಎಲ್ಲಿಗೋಗಿದ್ದೆ ತಾಯಿ!"

"ಅಲ್ಲೀವರ್ಗೂ ನಂಗೇ ನಂಬಿಕೆ ಇರ್ಲಿಲ್ಲ" ಎನ್ನುತ್ತಾರೆ ಕದಿರಮ್ಮ. "ಅತ್ತೆ ಹಂಗ್ ಕೂಗಿದ್ ಮ್ಯಾಲೇ ಗೊತ್ತಾಯ್ತು. ನಿಜಕ್ಕೂ ಅವ್ವನೇ ಬಂದ್ಬುಟ್ಟವ್ಳೆ!"

ಲಾರಿ ಬರಲಿಲ್ಲ. ಮುಖ ಬಂದಿದೆಯಲ್ಲ, ಕೆಡವುವುದೇಕೆ ಎಂದು ಮೇಲಿನವರು ಸುಮ್ಮನಾದರು. ಗುಡಿಸುವ ಕೆಲಸಕ್ಕೆ ಆಳು ಬೇಕೆಂದಾಗ ರಾಮಚಂದ್ರಪ್ಪನವರು ಕದಿರಮ್ಮನವರನ್ನೇ ಕರೆಸಿದರು. ಇದೆಲ್ಲ ಆಗಿ ನಾಲ್ಕು ವರ್ಷವಾಗಿದೆ.

ಬಿಸಿಲು ಬಿದ್ದಿದೆ. ಬಟ್ಟೆ ಹಿಂಡಿಕೊಂಡು ಏಣಿಯಿಂದ ಇಳಿದ ಕದಿರಮ್ಮ ಕಟ್ಟೆಯ ಬಳಿ ಬಗ್ಗಿ, ಬೊಂಬೆಯ ಪಾದದ ಹಿಂಭಾಗವನ್ನು ಬೆರಳಿನಿಂದ ಸವರುತ್ತಾರೆ. ಅದು ಮದರಾಸಿನ ಶಿಲ್ಪಿ ಮಾಡಿದ ಪಾದ, ಚೆಂದವಾಗಿದೆ.

"ಮೇಸ್ತ್ರಿನ ಇನ್ನೊಂದಿಷ್ಟು ಸಿಮೆಂಟು ಕೇಳೀನಿ" ಎನ್ನುತ್ತಾರೆ. "ನಮ್ಮವ್ವನ ಹಿಮ್ಮಡಿ ಹಿಂಗ್ ನುಣ್ಣಗಿರ್ಲಿಲ್ಲ. ಬಿರುಕು ಬಿಟ್ಟಿತ್ತು. ಅದೊಂದು ಸರಿ ಮಾಡ್ಬುಟ್ರೆ ಸಾಕು ನಂಗೆ."