ಅವ್ವನ ಮಾತಿಗೆ ಅಡಿಟಿಪ್ಪಣಿ

“ಇದು ಕದ್ದ ಮಾಲು ಮಾರಾಯ್ತಿ!” ಎಂದೆ.

ಕಳೆದ ಭಾನುವಾರ, ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ. ಎದುರಿಗೆ ಕುಳಿತಿದ್ದವಳು ಭಾಗ್ಯ. ಘಣಸೋಲಿಯ ಹುಡುಗಿ, ಕನ್ನಡ ಎಂ.ಎ. ಓದುತ್ತಿದ್ದಾಳೆ. ಊರು ವಿಜಯಪುರದ ಕಡೆ, ಅಪ್ಪನಿಗೆ ರಬಾಳೆಯ ಕಂಪನಿಯೊಂದರಲ್ಲಿ ಲೋಡಿಂಗ್ ಕೆಲಸ. ಕಟ್ಟಡ ಕೂಲಿಯ ಹೆಂಗಸರ ಬಗ್ಗೆ ಕಿರುಪ್ರಬಂಧ ಬರೆದು, ಒಪ್ಪಿಸುವ ಮುಂಚೆ ನನಗೆ ತೋರಿಸಲು ತಂದಿದ್ದಳು.

(ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಕಾಲೇಜು ಲೈಬ್ರರಿಯಿಂದ ರಿಟೈರ್ ಆದರೂ ಮಕ್ಕಳ ಅಡಿಟಿಪ್ಪಣಿ ತಿದ್ದುವ ಚಟ ಬಿಟ್ಟಿಲ್ಲ. ಯಾರ ಮಾತು? ಯಾವ ಪುಸ್ತಕ? ಯಾವ ಪುಟ? ಹೇಳದಿದ್ದರೆ ಅದು ಕಳ್ಳತನ. ಹೆಂಡತಿ ನನಗಿಟ್ಟ ಹೆಸರು ‘ಅಡಿಟಿಪ್ಪಣಿ ಪೊಲೀಸ್’.)

ಪ್ರಬಂಧದ ನಡುವೆ ಒಂದು ಸಾಲಿತ್ತು. “ಈ ಊರಾಗ ನಾ ಹತ್ತಿ ಇಳಿದ ಮಾಳಿಗಿಗೆ ಲೆಕ್ಕ ಇಲ್ಲ, ಕುಂತು ನೀರು ಕುಡದ ಮನಿ ಒಂದೂ ಇಲ್ಲ.” ಎಂಥ ಮಾತು! ಆದರೆ ನಾನು ಅದನ್ನು ಮೊದಲೇ ಓದಿದ್ದೆ. ಸಂಶೋಧಕಿಯೊಬ್ಬರ ಲೇಖನದಲ್ಲಿ, ‘ಕೂಲಿ ಮಹಿಳೆಯೊಬ್ಬರು ಹೇಳಿದಂತೆ’ ಎಂದು. ಭಾಗ್ಯಳ ಪುಟದಲ್ಲಿ ಅದರ ಕೆಳಗೆ ಟಿಪ್ಪಣಿಯೇ ಇಲ್ಲ. ನಾನು ಬಿಡುತ್ತೇನೆಯೇ?

ಭಾಗ್ಯ ತಲೆ ಎತ್ತಿದಳು. “ಕದ್ದಿಲ್ರಿ ಸರ್. ಇದು ನಮ್ಮವ್ವನ ಮಾತು.”

ಅವಳ ಅವ್ವ ಶಾಂತವ್ವ ತೀರಿಕೊಂಡು ಎರಡು ವರ್ಷವಾಯಿತು. ಘಣಸೋಲಿಯ ಸೆಕ್ಟರುಗಳಲ್ಲಿ ಟವರ್ ಏಳುವಾಗ ಮರಳು, ಇಟ್ಟಿಗೆ ಹೊತ್ತವರು.

“ನಾ ಟೆಂತ್‌ನಾಗ ಇದ್ದೆರಿ. ಆ ಲೇಖನ ಬರದ ಮೇಡಂ ನಮ್ಮ ಖೋಲಿಗೆ ಬಂದಿದ್ರು. ನಾನ ಚಾ ಮಾಡಿ ಕೊಟ್ಟೆ. ಅವ್ವ ಹೇಳಿದ್ದೆಲ್ಲ ಮೊಬೈಲ್‌ನಾಗ ರೆಕಾರ್ಡ್ ಮಾಡ್ಕೊಂಡು ಹೋದ್ರು.”

ನಾಚಿಕೆಯಾಯಿತು. ಆದರೆ ಪೊಲೀಸ್ ಬುದ್ಧಿ ಎಲ್ಲಿ ಹೋಗುತ್ತದೆ? ಬಾಯಿಮಾತಿನ ಮೂಲವಾದರೆ ಹೇಳಿದವರ ಹೆಸರು, ಊರು, ದಿನಾಂಕ ಬೇಕು.

“ಅವ್ವ ನಿನಗೆ ಇದನ್ನು ಹೇಳಿದ್ದು ಯಾವತ್ತು?”

“ದಿನಾ ಹೇಳ್ತಿದ್ಳರಿ. ಕಾಲಿಗೆ ಎಣ್ಣಿ ಹಚ್ಕೋತ.”

ದಿನಾಂಕದ ಜಾಗದಲ್ಲಿ ಅದನ್ನು ಬರೆಯಲು ಬರುವುದಿಲ್ಲವಲ್ಲ. ಮಾತು ಅಚ್ಚಾಗಿರುವುದು ಆ ಲೇಖನದಲ್ಲಿ, ಅಲ್ಲಿ ಅವ್ವನ ಹೆಸರಿಲ್ಲ. ಇವಳು ‘ಶಾಂತವ್ವ’ ಎಂದು ಬರೆದರೆ ಪರೀಕ್ಷಕರು ಪುರಾವೆ ಕೇಳುತ್ತಾರೆ. ಪುರಾವೆ ಒಂದೇ, ಆ ರೆಕಾರ್ಡಿಂಗ್. ಅವರಿವರನ್ನು ಕೇಳಿ ಸಂಶೋಧಕಿಯ ನಂಬರ್ ಹುಡುಕಿ ಫೋನ್ ಮಾಡಿದೆ.

ಒಳ್ಳೆಯ ಹೆಣ್ಣುಮಗಳು, ಸಮಾಧಾನದಿಂದಲೇ ಮಾತಾಡಿದರು. “ಪ್ರಾಜೆಕ್ಟ್ ಮುಗಿದ ಮೇಲೆ ರೆಕಾರ್ಡಿಂಗ್ ಅಳಿಸಬೇಕು ಅಂತ ರೂಲ್ ಇತ್ತು ಸರ್, ಅಳಿಸಿಬಿಟ್ಟೆ. ಹೆಸರು ಹಾಕದೇ ಇದ್ದದ್ದು, ಕಾಂಟ್ರಾಕ್ಟರ್‌ನಿಂದ ಅವರಿಗೆ ತೊಂದರೆ ಆಗಬಾರದು ಅಂತ. ತುಂಬಾ ಜನರನ್ನ ಮಾತಾಡಿಸಿದ್ದೆ, ಆ ಮಾತು ಯಾರದ್ದು ಅಂತ ಈಗ ನನಗೇ ನೆನಪಿಲ್ಲ.”

ತಪ್ಪು ಯಾರದು? ಬೈಯೋಣವೆಂದರೆ ಒಬ್ಬರೂ ಸಿಗುತ್ತಿಲ್ಲ. ಎಲ್ಲರೂ ನಿಯಮ ಪಾಲಿಸಿದವರೇ. ಮಾತಿಗೆ ವಾರಸುದಾರರಿರುತ್ತಾರೆ, ಅವರ ಹೆಸರು ನುಂಗಬೇಡಿ ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳಿದವನು ನಾನು. ಆ ವಾರಸುದಾರಳು ಎದುರಿಗೇ ಕುಳಿತಿದ್ದಳು.

ಫೋನ್ ಸ್ಪೀಕರ್‌ನಲ್ಲಿತ್ತು, ಭಾಗ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲ್ಯಾಪ್‌ಟಾಪ್ ಎಳೆದುಕೊಂಡು, ಅವ್ವನ ಮಾತಿನ ಕೆಳಗೆ ಸಂಶೋಧಕಿಯ ಹೆಸರು, ಲೇಖನ, ವರ್ಷ, ಪುಟ ಟೈಪ್ ಮಾಡಿದಳು. ಅಲ್ಪವಿರಾಮ ಕೂಡ ಸರಿಯಾದ ಜಾಗದಲ್ಲಿತ್ತು. ನನಗೆ ಅಳು ಬಂತು.

“ಅರ್ಪಣೆಯಲ್ಲಿ ಅವ್ವನ ಹೆಸರು ಹಾಕು” ಎಂದೆ. (ಸಮಾಧಾನಕ್ಕೆ. ಯಾರ ಸಮಾಧಾನಕ್ಕೋ!)

“ಹಾಕೀನ್ರಿ” ಎಂದು ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದಳು. “ಹೆಸರು ಹೋಗ್ಲಿ ಬಿಡ್ರಿ ಸರ್. ಅವ್ವನ ಫೋಟೋ ಅದಾವ ನಮ್ಮ ಹತ್ರ, ದನಿ ಇಲ್ಲ. ಆ ಮೇಡಂ ಹತ್ರ ಅರ ಇರ್ತದ ಅನ್ಕೊಂಡಿದ್ದೆ. ಆ ದನಿ ಒಮ್ಮೆ ಕೇಳಬೇಕಿತ್ತು.”

ಇದನ್ನು ಯಾವ ಪುಟದ ಅಡಿಯಲ್ಲಿ ಬರೆಯಿಸಲಿ, ಹೇಳಿ?