ದಾಸವಾಳದ ನೇರಪ್ರಸಾರ

ಹೂವನ್ನು ಉದ್ದಕ್ಕೆ ಸೀಳಿ ತೋರಿಸುವುದರಲ್ಲಿ ನನ್ನನ್ನು ಮೀರಿಸುವವರು ಕೊಪ್ಪ ತಾಲ್ಲೂಕಿನಲ್ಲೇ ಇಲ್ಲ ಎಂದು ಬಹಳ ವರ್ಷ ನಂಬಿದ್ದೆ. ಬೇರೆ ಯಾರೂ ಹಾಗೆ ಹೇಳಿರಲಿಲ್ಲ, ಆ ಮಾತು ಬೇರೆ. ಹೈಸ್ಕೂಲಿನ ವಿಜ್ಞಾನದ ಮೇಡಂಗೆ ಇನ್ಯಾವ ಜಂಬ ಇರಲು ಸಾಧ್ಯ? ದಾಸವಾಳದ ಅಂಡಾಶಯವನ್ನು ಬ್ಲೇಡಿನಿಂದ ಸರಿಯಾಗಿ ಸೀಳಿದರೆ ಒಳಗೆ ಸಾಸಿವೆಗಿಂತ ಸಣ್ಣ ಅಂಡಕಗಳು ಸಾಲಾಗಿ ಕೂತಿರುವುದು ಕಾಣುತ್ತದೆ. ನನಗೆ ಅದು ನೀರು ಕುಡಿದಷ್ಟು ಸುಲಭವಾಗಿತ್ತು.

ಆಮೇಲೆ ಬಲಗೈ ನಡುಗಲು ಶುರುವಾಯಿತು. ಶಿವಮೊಗ್ಗದ ಡಾಕ್ಟರು, ವಯಸ್ಸಾಗುತ್ತಾ ಕೆಲವರಿಗೆ ಬರುತ್ತದೆ, ಗಾಬರಿಪಡುವಂಥದ್ದಲ್ಲ ಎಂದು ಮಾತ್ರೆ ಕೊಟ್ಟರು. ನನ್ನ ಗಾಬರಿ ನಡುಕದ್ದಲ್ಲ, ಮಕ್ಕಳದ್ದು. ಪ್ರಯೋಗದ ದಿನ ಅವರು ಮೇಜಿನ ಸುತ್ತ ಮುತ್ತಿಕೊಂಡು ನನ್ನ ಕೈಗೇ ಮೂಗು ತಾಗಿಸಿ ನಿಲ್ಲುತ್ತಾರೆ. ನಡುಕ ಕಣ್ಣಿಗೆ ಬಿದ್ದರೆ ಮುಗಿಯಿತು, ಮೇಡಂ ಕೈಲಿ ಇನ್ನು ಆಗುವುದಿಲ್ಲ ಎಂಬ ಸುದ್ದಿ ಸಂಜೆಯ ಬಸ್ಸಿನಲ್ಲೇ ಕಮ್ಮರಡಿಗೆ ಹೋಗಿ ಇಳಿಯುತ್ತದೆ.

ಆಗ ಹೊಳೆದದ್ದು ಕ್ಯಾಮೆರಾ. ಮನೆಯಲ್ಲಿದ್ದ ಹಳೆಯ ವಿಡಿಯೋ ಕ್ಯಾಮೆರಾವನ್ನು ಮೇಜಿನ ಕಡೆ ತಿರುಗಿಸಿ ಶಾಲೆಯ ಪ್ರೊಜೆಕ್ಟರಿಗೆ ಜೋಡಿಸಿದರೆ ಮಕ್ಕಳು ಕೂತಲ್ಲೇ ಕೂತು ಗೋಡೆ ನೋಡುತ್ತಾರೆ, ಒಬ್ಬರೂ ನನ್ನ ಹತ್ತಿರ ಬರುವುದಿಲ್ಲ. "ಹಿಂದಿನ ಬೆಂಚಿನವರಿಗೂ ಕಾಣ್ಬೇಕಲ್ಲ ಸರ್" ಎಂದು ಹೆಡ್ಮಾಸ್ಟರಿಗೆ ಹೇಳಿದೆ. ಅವರು ಉಳಿದ ಮೇಷ್ಟ್ರುಗಳ ಎದುರಿಗೆ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಹೊಗಳಿಸಿಕೊಂಡೆ.

ಕೇಬಲ್ ಚುಚ್ಚಲು ಕ್ಯಾಮೆರಾದ ತೂತೇ ಬೇರೆ, ಪ್ರೊಜೆಕ್ಟರಿನ ತೂತೇ ಬೇರೆ. ಕೇಬಲ್ ಕೇಳಲು ಕೊಪ್ಪ ಪೇಟೆಗೆ ಹೋದರೆ ಅಂಗಡಿಯವರು ಕ್ಯಾಮೆರಾವನ್ನು ಮಗುಚಿ ನೋಡಿ, "ಇದು ಯಾವ ಕಾಲದ್ದು ಮಾರಾಯ್ರೆ! ಮೊಬೈಲಲ್ಲೇ ಆಗ್ತದಲ್ಲ ಮೇಡಂ" ಎಂದರು. ಸಿಟ್ಟು ಬಂತು. "ನಾನು ಕೇಳಿದ್ದು ಕೇಬಲ್" ಎಂದು ತೆಗೆದುಕೊಂಡು ಬಂದೆ.

ಮರುದಿನ ಕಿಟಕಿಗಳಿಗೆ ಅಡಿಕೆ ಒಣಗಿಸುವ ಟಾರ್ಪಾಲು ಕಟ್ಟಿಸಿ ಕತ್ತಲೆ ಮಾಡಿದೆ. ಗೋಡೆ ನೀಲಿಯಾಯಿತು, ಮಧ್ಯದಲ್ಲಿ 'ನೋ ಸಿಗ್ನಲ್' ಎಂದು ಬಂತು. ಇದ್ದ ಗುಂಡಿಗಳನ್ನೆಲ್ಲ ಒತ್ತಿದೆ. ಕೊನೆಗೂ ಚಿತ್ರ ಬಂತು, ಆದರೆ ದಾಸವಾಳದ್ದಲ್ಲ. ಯಾವುದೋ ಕಾಲದ ಮದುವೆಯಲ್ಲಿ ನನ್ನ ನೆಂಟರೆಲ್ಲ ಸಾಲಾಗಿ ಕೂತು ಹೋಳಿಗೆ ತಿನ್ನುತ್ತಿದ್ದರು. ಮಕ್ಕಳಿಗೆ ಪರಮಾನಂದ. "ಮೇಡಂ, ಅದು ಹಳೇದು ಓಡ್ತಿದೆ. ಪಕ್ಕದ ಗುಂಡಿ ತಿರುಗ್ಸಿ" ಎಂದು ಮುಂದಿನ ಬೆಂಚಿನ ಹುಡುಗಿ ಹೇಳಿದಳು. ತಿರುಗಿಸಿದೆ. ಕೆಂಪು ದಾಸವಾಳ ಗೋಡೆ ತುಂಬ ಅರಳಿತು. ಇಡೀ ಕ್ಲಾಸು 'ಓ' ಎಂದಿತು. ಆ 'ಓ' ನನಗೇ ಸಂದದ್ದು ಎಂದುಕೊಂಡು ಬ್ಲೇಡು ಎತ್ತಿಕೊಂಡೆ.

ಗೋಡೆಯ ಮೇಲೆ ನನ್ನ ಕೈ ಬಂತು. ಕುಂಬಳಕಾಯಿಯಷ್ಟು ದಪ್ಪದ ಹೆಬ್ಬೆರಳು, ಅದರ ತುದಿಯಲ್ಲಿ ಕತ್ತಿಯಂಥ ಬ್ಲೇಡು, ಎರಡೂ ಗಡಗಡ ನಡುಗುತ್ತಿವೆ. ಮೇಜಿನ ಮೇಲೆ ಕೂದಲೆಳೆಯಷ್ಟಿದ್ದ ನಡುಕ ಅಲ್ಲಿ ಗೇಣುದ್ದವಾಗಿತ್ತು. ಹೂವನ್ನು ದೊಡ್ಡದು ಮಾಡುವ ಯಂತ್ರ ಕೈಯನ್ನೂ ದೊಡ್ಡದು ಮಾಡುತ್ತದೆ ಎಂಬುದು ಈ ವಿಜ್ಞಾನದ ಮೇಡಂಗೆ ಹೊಳೆದೇ ಇರಲಿಲ್ಲ!

"ಕ್ಯಾಮೆರಾ ಅಲ್ಲಾಡ್ತಾ ಇದೆ" ಎಂದು ಘೋಷಿಸಿದೆ. ಸ್ಟ್ಯಾಂಡಿನ ಕೆಳಗೆ ಪುಸ್ತಕ ಇಟ್ಟೆ. ವೋಲ್ಟೇಜು ಸರಿಯಿಲ್ಲ ಎಂದೆ. ಫ್ಯಾನು ಆರಿಸಿದೆ. ಕೊನೆಗೆ ಮೇಜಿನ ಕಾಲಿನ ಮೇಲೂ ತಪ್ಪು ಹೊರಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ. ಹೋಳಿಗೆ ನೋಡಿ ಬಿದ್ದು ಬಿದ್ದು ನಕ್ಕಿದ್ದ ಮಕ್ಕಳು ಈಗ ಒಬ್ಬರೂ ನಗಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಮುಂದಿನ ಬೆಂಚಿನ ಅದೇ ಹುಡುಗಿ ಎದ್ದು ಹತ್ತಿರ ಬಂದು ಮೆಲ್ಲಗೆ, "ಮೇಡಂ, ನಮಗೆ ಮೊದ್ಲೇ ಗೊತ್ತಿತ್ತು. ನೀವು ಬೋರ್ಡಲ್ಲಿ ಬರೆಯುವಾಗ್ಲೇ ಗೊತ್ತಾಗ್ತದೆ. ನಾವು ಯಾರೂ ಮನೇಲಿ ಹೇಳ್ಲಿಲ್ಲ" ಎಂದಳು.

ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಇಷ್ಟು ದಿನ ನಾನು ಮುಚ್ಚಿಟ್ಟಿದ್ದೇನೆ ಎಂದುಕೊಂಡದ್ದನ್ನು ನಿಜವಾಗಿ ಮುಚ್ಚಿಟ್ಟವರು ಇವರು. ಬೈದು ಕೂರಿಸೋಣವೆಂದು ಬಾಯಿ ತೆರೆದವಳು ಬ್ಲೇಡನ್ನು ಅವಳ ಕೈಗೆ ಕೊಟ್ಟೆ.

"ಒತ್ಬೇಡ. ಹಾಗೇ ಎಳಿ" ಎಂದೆ. ಗೋಡೆಯ ಮೇಲೆ ಉಗುರಿನಲ್ಲಿ ಶಾಯಿ ಅಂಟಿದ ಕೈ ಬಂತು. ಅದು ಒಂದಿಷ್ಟೂ ಅಲುಗಲಿಲ್ಲ. ಅಂಡಾಶಯ ಎರಡಾಗಿ ಬಿಡಿಸಿಕೊಂಡಿತು, ಒಳಗೆ ಬಿಳಿ ಸಾಲು, ಒಂದು ಅಂಡಕವೂ ನಲುಗಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಮೊದಲು ಆದದ್ದು ಹೊಟ್ಟೆಕಿಚ್ಚು.

"ಸರಿ ಇದೆಯಾ ಮೇಡಂ?" ಎಂದು ಕೇಳಿದಳು.

ಸರಿ ಇದೆ ಎಂದೆ. ನನಗಿಂತ ಚೆನ್ನಾಗಿದೆ ಎನ್ನಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಆದರೆ ಅದನ್ನೂ ಹೇಳಿದೆ, ಹಿಂದಿನ ಬೆಂಚಿಗೂ ಕೇಳುವ ಹಾಗೆ.