ಉಪ್ಪು ಮಲಗಿದ್ದ ಹೊಂಡ

ಹೊಸ ರಬ್ಬರ್ ಪೈಪಿನ ವಾಸನೆ ಮೂಗಿಗೆ ಬಡಿದರೆ ನನಗೆ ಮಲ್ಲಿಗೆ ನೆನಪಾಗುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಹೇಳುವುದನ್ನೇ ಬಿಟ್ಟಿದ್ದೆ. ಮೊನ್ನೆ ಮಗಳು ಪಲ್ಲವಿ ನನ್ನನ್ನು ಹೊನ್ನಾವರ ಪೇಟೆಯ ಕೃಷಿ ಸಾಮಾನಿನ ಅಂಗಡಿಯೊಂದಕ್ಕೆ ಎಳೆದುಕೊಂಡು ಹೋಗಿದ್ದಳು. ಅವಳ ಅಪ್ಪನಿಗೆ, ಅಂದರೆ ನನ್ನವರಿಗೆ, ತಾರಸಿಯ ಕುಂಡಗಳಲ್ಲಿ ಬದನೆ, ಬಸಳೆ ಬೆಳೆಸುವ ಹುಚ್ಚು. ಹುಟ್ಟುಹಬ್ಬಕ್ಕೆ ಏನಾದರೂ ಕೊಡಬೇಕು, ಅದೂ ತೋಟದ್ದೇ ಆಗಬೇಕು, ಅಪ್ಪ ಕಣ್ಣರಳಿಸಬೇಕು ಎಂಬುದು ಅವಳ ಹಟ. ಅಂಗಡಿಯವರು ಹಸಿರು ಪೈಪಿನ ಸುರುಳಿಯೊಂದನ್ನು ಬಿಚ್ಚಿ ನಮ್ಮ ಮುಂದೆ ಹಾಸಿದರು. ಆ ವಾಸನೆ ಏಳುತ್ತಿದ್ದಂತೆ ಅಂಗಡಿ, ಹೊರಗಿನ ರಿಕ್ಷಾ ಸದ್ದು, ಮಗಳ ಮಾತು ಎಲ್ಲ ದೂರ ಸರಿದವು. ನಾನು ತವರೂರು ಬೆಳಕೆಯ ನಮ್ಮ ಮನೆಯ ಹಿತ್ತಲಿನಲ್ಲಿ, ಕಾಲಡಿಯ ಹೊಯ್ಗೆಯ, ಆ ಕಡಲ ಮರಳಿನ ತಂಪಿನಲ್ಲಿ ನಿಂತಿದ್ದೆ.

ನಮ್ಮ ಅಪ್ಪ ದೋಣಿಗೆ ಹೋಗುವವರು. ಬೆಳಗಿನ ಜಾವ ಕಡಲಿಗೆ ಹೋಗಿ, ಮೀನು ಇಳಿಸಿ, ಬಲೆ ಒಣಹಾಕಿ, ಮಧ್ಯಾಹ್ನ ಉಂಡವರು ಒಂದು ಗಳಿಗೆ ಅಡ್ಡಾಗುತ್ತಿದ್ದರು. ಬಿಸಿಲು ಇಳಿಯುವುದರೊಳಗೆ ಹಿತ್ತಲಿನಲ್ಲಿ ಇರುತ್ತಿದ್ದರು. ಹಿತ್ತಲೆಂದರೆ ಬರೀ ಹೊಯ್ಗೆ ನೆಲ. ಅದರಲ್ಲಿ ನಾಲ್ಕು ಸಾಲು ಮಲ್ಲಿಗೆ, ಪಕ್ಕದಲ್ಲಿ ಹರಿವೆ, ಬದನೆ, ಬೇಲಿಯ ಮೇಲೆ ಹೀರೆ. ಬುಡಕ್ಕೆ ಒಣಮೀನಿನ ಗೊಬ್ಬರ. ಮೊದಲ ಸಲ ಬಂದವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು, ಹೋಗುವಾಗ ಅದೇ ಸೆರಗಿನಲ್ಲಿ ಮೊಗ್ಗು ಕಟ್ಟಿಕೊಂಡು ಹೋಗುತ್ತಿದ್ದರು. ಅಮ್ಮ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಳು. ಪಕ್ಕದೂರು ಜಾಲಿಯ ಮದುವೆ ಮನೆಗಳಿಂದ ಹೇಳಿಕೆ ಬಂದ ದಿನವಂತೂ ಮಾತಿಗೂ ಬಿಡುವಿಲ್ಲದೆ ಕಟ್ಟುತ್ತಿದ್ದಳು. ಕಡಲಿನಲ್ಲಿ ಕೂಗಿ ಕೂಗಿ ಒರಟಾದ ಅಪ್ಪನ ದನಿ ಗಿಡಗಳ ನಡುವೆ ಬಂದರೆ ತನ್ನಷ್ಟಕ್ಕೆ ಸಣ್ಣದಾಗುತ್ತಿತ್ತು. ಮಲಗಿದ ಮಗುವಿನ ಕೋಣೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತಿದ್ದರು.

ಹಿತ್ತಲಿನ ಮೂಲೆಯಲ್ಲಿ ಒಂದು ಹೊಂಡವಿತ್ತು. ನಾಲ್ಕು ಮೆಟ್ಟಿಲು ಇಳಿದರೆ ನೀರು. ಅಪ್ಪ ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಇಳಿದು, ತುಂಬಿಕೊಂಡು ಹತ್ತಿ, ಗಿಡಗಳ ಬುಡಕ್ಕೆ ಎರೆಯುತ್ತಿದ್ದರು. ಕಡಲು ಹತ್ತಿರವಾದ್ದರಿಂದ ಬೇಸಿಗೆ ಬಂತೆಂದರೆ ಆ ಹೊಂಡದ ನಡವಳಿಕೆಯೇ ಬೇರೆ. ಮೇಲೆ ಒಂದೆರಡು ಗೇಣು ಸಿಹಿನೀರು, ಅದರ ಕೆಳಗೆ ಉಪ್ಪು. ಕೊಡ ಮುಳುಗಿಸಿದರೆ ಎರಡೂ ಕಲಸಿಹೋಗುತ್ತವೆ. ಅದಕ್ಕೆ ಅಪ್ಪ ಬೇಸಿಗೆಯಲ್ಲಿ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮೊದಲು ಒಂದು ಬೊಗಸೆ ನೀರು ಬಾಯಿಗೆ ಹಾಕಿ, ಮುಕ್ಕಳಿಸಿ ಉಗುಳಿ, ರುಚಿ ನೋಡಿ, ಆಮೇಲೆ ಮೇಲಿಂದ ಮೇಲಿಂದ ಮೊಗೆದು ಕೊಡ ತುಂಬಿಸುತ್ತಿದ್ದರು. ನಾನು ಅವಸರ ಮಾಡಿ ಕೈ ಅದ್ದಿದರೆ ಹೇಳುತ್ತಿದ್ದರು: "ಮೆತ್ತಗೆ ಮಗಾ. ಅಡಿಲಿ ಉಪ್ಪು ಮಲ್ಗಿದೆ. ಎಬ್ಸ್ಬೇಡ." ಆ ಮಾತು ಕೇಳಿ ನಾನು ಎಷ್ಟೋ ದಿನ ನೀರಿನ ಅಡಿಯಲ್ಲಿ ಯಾರೋ ಬೆಳ್ಳಗಿನವರು ಹೊದ್ದು ಮಲಗಿದ್ದಾರೆಂದೇ ತಿಳಿದಿದ್ದೆ, ಹೊಂಡದ ಹತ್ತಿರ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆ.

ಅಪ್ಪನಿಗೆ ನಾನು ಕೊಟ್ಟ ಮೊದಲ ಉಡುಗೊರೆ ಆ ಹೊಂಡಕ್ಕಾಗಿಯೇ. ಆಗ ನನಗೆ ಎಂಟು ವರ್ಷ ಇದ್ದಿರಬೇಕು. ಅಪ್ಪ ಮೊಗೆಯುತ್ತಿದ್ದ ಅಲ್ಯೂಮಿನಿಯಂ ತಂಬಿಗೆ ಆಳವಾಗಿತ್ತು, ಎಷ್ಟು ಹುಷಾರಾಗಿ ಹಿಡಿದರೂ ಕೆಳಗಿನ ನೀರನ್ನು ಕಲಕುತ್ತಿತ್ತು. ನಾನು ದೊಡ್ಡ ತೆಂಗಿನ ಗರಟೆಯೊಂದನ್ನು ಆರಿಸಿ, ಕಲ್ಲಿಗೆ ಉಜ್ಜಿ ಉಜ್ಜಿ ನಯ ಮಾಡಿ, ಪಕ್ಕದ ಮನೆಯ ಮಾಸ್ತಮ್ಮತ್ತೆಯಿಂದ ತೂತು ಹಾಕಿಸಿಕೊಂಡು, ಬಿದಿರಿನ ಹಿಡಿ ಸಿಕ್ಕಿಸಿ ಕೊಟ್ಟೆ. ಹಿಡಿ ಸೊಟ್ಟಗಿತ್ತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಆತು, ನಮ್ಮ ಹೊಂಡಕ್ಕೆ ಇದೇ ಸೈ," ಎಂದರು. ಅಷ್ಟೇ. ಆದರೆ ಅಂದಿನಿಂದ ತಂಬಿಗೆ ಬಚ್ಚಲಿಗೆ ಹೋಯಿತು.

ಆಮೇಲಿನ ಉಡುಗೊರೆಗಳ ಕಥೆ ಕೇಳಿದರೆ ನೀವು ನಗುತ್ತೀರಿ. ಕಾಲೇಜಿಗೆ ಹೋಗುವಾಗ ಕುಮಟೆಯಿಂದ ಕೈಗವಸು ತಂದುಕೊಟ್ಟೆ. ಅಮ್ಮ ಅದರಲ್ಲಿ ಗಂಜಿ ಪಾತ್ರೆ ಇಳಿಸಿದಳು. ಅಗಲ ಅಂಚಿನ ಟೋಪಿ ತಂದೆ; ಬದನೆ ಸಾಲಿನ ಬೆದರುಬೊಂಬೆ ಅದನ್ನು ಹಾಕಿಕೊಂಡು ಎರಡು ವರ್ಷ ಮೆರೆಯಿತು. ನನಗೆ ಸಿಟ್ಟು ಬರುತ್ತಿತ್ತು. ನಾನು ಆರಿಸಿ ತಂದದ್ದನ್ನು ಅಪ್ಪ ಒಮ್ಮೆಯಾದರೂ ತಾವೇ ಬಳಸಬೇಕು, ಅದರಿಂದ ಅವರಿಗೆ ಸುಖವಾಗಬೇಕು ಎಂಬ ಆಸೆ ನನ್ನೊಳಗೆ ಮೊಂಡುತನವಾಗಿ ಬೆಳೆದಿತ್ತು. ಹೊನ್ನಾವರದ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಅಪ್ಪನ ಭುಜ ನೋಯುತ್ತಿದೆ, ಕೊಡ ಎತ್ತುವಾಗ ಹಲ್ಲು ಕಚ್ಚುತ್ತಾರೆ ಎಂದು ಅಮ್ಮ ಹೇಳಿದಳು. ಯುಗಾದಿಗೆ ನಾನು ಒಂದು ನೀರಿನ ಪಂಪು ಮತ್ತು ಹಸಿರು ಪೈಪು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬೆಳಕೆಗೆ ಬಂದೆ. ಮದುಮಗಳನ್ನು ಕರೆತಂದಷ್ಟು ಜಂಬವಿತ್ತು.

ಕರೆಂಟಿನ ಕೆಲಸದವರು ಬಂದು ಪೈಪಿನ ಬಾಯಿಯನ್ನು ಹೊಂಡದ ತಳಕ್ಕೆ ಇಳಿಸಿ ಗುಂಡಿ ಒತ್ತಿದರು. ನೀರು ಚಿಮ್ಮಿತು. ನಾನು ಚಪ್ಪಾಳೆ ತಟ್ಟಿ, ಪೈಪನ್ನು ಅಪ್ಪನ ಕೈಗೆ ಕೊಟ್ಟು, "ಇನ್ನು ಕೊಡ ಮುಟ್ಟಿದ್ರೆ ನೋಡಿ ಮತ್ತೆ," ಎಂದೆ. ಅಪ್ಪ ನಗುತ್ತಾ ಮಲ್ಲಿಗೆ ಸಾಲಿಗೆ ನೀರು ಹಿಡಿದರು. ಅಂದು ಅವರು ನೀರನ್ನು ಬಾಯಿಗೆ ಹಾಕಿ ನೋಡಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಎಂಟು ವರ್ಷಕ್ಕೆ ನನಗೆ ಗೊತ್ತಿದ್ದದ್ದು ಇಪ್ಪತ್ತೆರಡಕ್ಕೆ ಮರೆತೇಹೋಗಿತ್ತು. ಮುಂದಿನ ತಿಂಗಳು ಒಂದು ಸಾಲಿನ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗಿತ್ತು. ಕೇಳಿದ್ದಕ್ಕೆ ಅಪ್ಪ, "ಬಿಸಿಲು ಮಗಾ, ಎಂತಾ ಬಿಸಿಲು ಈ ವರ್ಷ," ಎಂದರು. ನಾನು ನಂಬಿದೆ. ಆಮೇಲೆ ಗಿಡಗಳು ಚೇತರಿಸಿಕೊಂಡವು. ಪ್ರತಿ ಬೇಸಿಗೆ, ಪ್ರತಿ ಭಾನುವಾರ ನಾನು ಹೋದಾಗ ಪಂಪು ಗುರ್‌ರ್ ಎನ್ನುತ್ತಿತ್ತು, ಅಪ್ಪ ಪೈಪು ಹಿಡಿದು ನಿಂತಿರುತ್ತಿದ್ದರು, ನಾನು ಜಗಲಿಯಲ್ಲಿ ಚಾ ಕುಡಿಯುತ್ತಾ ಅದನ್ನು ನೋಡಿ ತಣ್ಣಗಾಗುತ್ತಿದ್ದೆ. ಇಳಿಬಿಸಿಲು, ಒದ್ದೆ ಹೊಯ್ಗೆಯ ವಾಸನೆ, ಅದರೊಳಗೆ ರಬ್ಬರಿನ ವಾಸನೆ, ಅರಳುತ್ತಿದ್ದ ಮೊಗ್ಗು. ಆ ಭಾನುವಾರಗಳು ಈಗಲೂ ಕನಸಿನಲ್ಲಿ ಬರುತ್ತವೆ.

ಕೊನೆಯ ಯುಗಾದಿಗೆ ನಾನು ಜಾಣೆಯಾಗಿ ಮೊದಲೇ ಕೇಳಿದೆ: ಈ ಸಲ ಎಂತ ಬೇಕು ಹೇಳಿ ಅಪ್ಪ. ಅಪ್ಪ ಕೈ ಚಾಚಿ ಮಾಡಿನ ಹೆಂಚಿನ ಸಂದಿಯಿಂದ ಹಳೇ ಗರಟೆಯನ್ನು ತೆಗೆದರು. ಹಿಡಿ ಮುರಿದು, ಬಲೆಯ ನೀಲಿ ದಾರದಿಂದ ಬಿಗಿದಿತ್ತು. "ಎಂತದೂ ಬೇಡ. ಇದ್ಕೊಂದು ಹಿಡಿ ಹಾಕಿ ಕೊಡು. ನೀ ಹಾಕಿದ್ದೇ ಸಮಾ ಇತ್ತು," ಎಂದರು. ನಾನು ಬಿದ್ದುಬಿದ್ದು ನಕ್ಕೆ. "ಪಂಪು ಇರೂಕಾರೆ ಈ ಗರಟೆ ಎಂತಕ್ಕೆ ಅಪ್ಪ? ಒಲೆಗೆ ಹಾಕಿ," ಎಂದೆ. ಅವರೂ ನಕ್ಕರು, ಗರಟೆಯನ್ನು ಮತ್ತೆ ಸಂದಿಗೆ ಸಿಕ್ಕಿಸಿದರು. ಆ ಮಳೆಗಾಲದಲ್ಲಿ, ದೋಣಿಗಳೆಲ್ಲ ದಡದಲ್ಲಿದ್ದಾಗ, ಎರಡು ದಿನದ ಜ್ವರದಲ್ಲಿ ಅಪ್ಪ ಹೋದರು.

ಕ್ರಿಯೆ ಕರ್ಮ ಮುಗಿದ ಸಂಜೆ ಮಾಸ್ತಮ್ಮತ್ತೆ ಜಗಲಿಗೆ ಬಂದು ನನ್ನ ಪಕ್ಕ ಕೂತಳು. ಅತ್ತು ಅತ್ತು ಸಾಕಾಗಿದ್ದ ನನ್ನನ್ನು ನಗಿಸಲೆಂದೇ ಇರಬೇಕು, "ನಿನ್ನ ಪಂಪಿನ ದೆಸೆಯಿಂದ ನನ್ನ ಬಾವಿ ಹಗ್ಗ ಸವೆದು ಹೋತು ಕಾಣು," ಎಂದಳು. ನನಗೆ ಅರ್ಥವಾಗಲಿಲ್ಲ. ಆಗ ಅವಳು ಹೇಳಿದಳು. ಪಂಪು ತಳದಿಂದ ಎಳೆಯುತ್ತಿದ್ದದ್ದು ಉಪ್ಪುನೀರು. ಅಪ್ಪನಿಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ಬುಧವಾರದಿಂದ ಶನಿವಾರದ ತನಕ ಅವರು ಗರಟೆಯಿಂದಲೇ ಮೊಗೆಯುತ್ತಿದ್ದರು. ಭಾನುವಾರ ನಾನು ಬರುವ ಹೊತ್ತಿಗೆ ಮಾತ್ರ ಪಂಪು ಹಾಕುತ್ತಿದ್ದರು. ಸೋಮವಾರ, ಮಂಗಳವಾರ ಹೊಂಡದ ನೀರು ತಿಳಿಯಾಗುವ ತನಕ ಮಾಸ್ತಮ್ಮತ್ತೆಯ ಬಾವಿಯಿಂದ ಕೊಡಗಟ್ಟಲೆ ಸಿಹಿನೀರು ಹೊತ್ತು ತಂದು, ಒಂದೊಂದು ಗಿಡದ ಬುಡದ ಉಪ್ಪನ್ನೂ ತೊಳೆಯುತ್ತಿದ್ದರು. "ಹುಡ್ಗಿಗೆ ಹೇಳಬಾರ್ದನಾ ಅಂದೆ. ನಿನ್ನಪ್ಪ ಕೇಳ್ತ್ರಾ? 'ಅದು ನಗಾಡ್ತಾ ಚಾ ಕುಡೀತದಲೆ, ಆ ನಗು ನಂಗೆ ಬೇಕು' ಅಂದ್ರು," ಎಂದಳು. ಅಪ್ಪನ ಭುಜದ ಭಾರ ಇಳಿಸಲು ನಾನು ಕೊಟ್ಟ ಉಡುಗೊರೆ ಅದು.

ಈಗ ಆ ಮನೆಯಿಲ್ಲ. ಅಮ್ಮನೂ ಹೋದ ಮೇಲೆ ಜಾಗ ಕೊಂಡವರು ಹೊಂಡ ಮುಚ್ಚಿ ಅಂಗಳಕ್ಕೆ ಕಲ್ಲು ಹಾಸಿದರು. ಅದರಡಿಯಲ್ಲಿ ಉಪ್ಪು ಇನ್ನೂ ಮಲಗಿರಬಹುದು, ಎಬ್ಬಿಸುವವರಿಲ್ಲ. ಮಲ್ಲಿಗೆ ಯಾರ ಪಾಲಾಯಿತೋ ಕೇಳುವ ಧೈರ್ಯ ನನಗಾಗಲಿಲ್ಲ. ನಿಮ್ಮದೂ ಇಂಥದೊಂದು ಮನೆ ಹೋಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

"ಅಮ್ಮಾ, ಪೈಪು ತಕಂಬನಾ?" ಪಲ್ಲವಿ ನನ್ನ ಕೈ ಅಲ್ಲಾಡಿಸುತ್ತಿದ್ದಳು. ನಾನು ಎಚ್ಚೆತ್ತು, "ಬೇಡ. ನಿನ್ನ ಅಪ್ಪನಿಗೆ ಫೋನು ಮಾಡಿ, ತೋಟದ್ದು ಎಂತಾದ್ರೂ ಹಾಳಾಗಿದ್ಯಾ ಕೇಳು," ಎಂದೆ. ಅವಳು ಮುಖ ಸಿಂಡರಿಸಿಕೊಂಡೇ ಕೇಳಿದಳು. ಗಿಡ ಸವರುವ ಕತ್ತರಿಯ ಸ್ಪ್ರಿಂಗು ಹಾರಿಹೋಗಿ ಆರು ತಿಂಗಳಾಯಿತಂತೆ. "ಸ್ಪ್ರಿಂಗು ಒಂದು ಗಿಫ್ಟಾ?" ಎಂದು ಗೊಣಗುತ್ತಲೇ ಅವಳು ಅಂಗಡಿಯವರಿಂದ ಬೆರಳುದ್ದದ ಸ್ಪ್ರಿಂಗೊಂದನ್ನು ಕೊಂಡು, ಅದಕ್ಕೆ ಬಣ್ಣದ ಕಾಗದ ಸಿಗುತ್ತದೆಯೇ ಎಂದು ಎದುರಿನ ಅಂಗಡಿಗೆ ಓಡಿದಳು.

ಗರಟೆ ನನ್ನ ಹತ್ತಿರ ಇದೆ. ಹೊಲಿಗೆ ಮಿಷನ್ನಿನ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ನೀಲಿ ದಾರ ಹಾಗೆಯೇ ಇದೆ, ಅಪ್ಪ ಹಾಕಿದ ಗಂಟು ಬಿಚ್ಚಲು ಮನಸ್ಸಾಗುವುದಿಲ್ಲ. ಹೊಸ ಹಿಡಿಗೆಂದು ಆಮೇಲೆ ನಾನು ಕೆತ್ತಿದ ಬಿದಿರಿನ ತುಂಡು ಪಕ್ಕದಲ್ಲೇ ಇದೆ. ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ.